ಮದುವೆಯಾದದ್ದಕ್ಕೆ ಪುರಾವೆ

ಕುತಾಯ್ಸಿಯ ನೋಟರಿ ಫೋನಿನಲ್ಲಿ ಹೇಳಿದ:
ಎರಡು ಕೋಣೆಯ ಆ ಮನೆ ನಿಮ್ಮದೇ, ಲಮಾರಾ ಅವರೇ,
ಅರ್ಧ.
ಉಳಿದರ್ಧ ನಿಮ್ಮ ಗಂಡನದು.

ಹತ್ತೊಂಬತ್ತು ವರ್ಷ ಥೆಸಲೋನಿಕಿಯಲ್ಲಿ
ಬೇರೆಯವರ ಅಮ್ಮಂದಿರ ಬೆನ್ನು ಒರೆಸಿ ಕೂಡಿಟ್ಟ ದುಡ್ಡು.
ಯಾವ ಗಂಡ, ಎಂದೆ.
ಕಾಗದ ಸರಿಸಿದ ಸದ್ದು.
ನಿಮ್ಮ ಹಳೇ ಪಾಸ್‌ಪೋರ್ಟಿನಲ್ಲಿ ಮೊಹರಿತ್ತಂತೆ,
ಅದನ್ನು ನೋಡಿ ಯಾರೋ ‘ವಿವಾಹಿತೆ’ ಎಂದು ಬರೆದರು,
ಅವರು ಬರೆದದ್ದನ್ನು ನೋಡಿ ಇನ್ನೊಬ್ಬರು.

ಸರಿ, ಹಾಗಾದರೆ ಬಿಡಿಸಿಕೊಡಿ.
ಬಿಡಿಸಬಹುದು. ಮದುವೆಯ ಪ್ರಮಾಣಪತ್ರ ಕಳಿಸಿ.

ಪ್ರಮಾಣಪತ್ರ ಒಚಮ್ಚಿರೆಯಲ್ಲಿತ್ತು,
ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಪಲಾವ್ ಎಲೆಯ ಡಬ್ಬಿಯ ಕೆಳಗೆ.
ಯುದ್ಧ ಬಂದ ಬೆಳಿಗ್ಗೆ
ನಾನು ಡಬ್ಬಿಯನ್ನೇ ಎತ್ತಿಕೊಂಡು ಓಡಿದೆ.
ಯಾಕೆ ಅಂತ ಕೇಳಬೇಡಿ.
ಕಚೇರಿಯ ದೊಡ್ಡ ಪುಸ್ತಕ ಸುಟ್ಟುಹೋಯಿತು ಅನ್ನುತ್ತಾರೆ,
ಇಲ್ಲ, ಇದೆ, ಗಡಿಯಾಚೆ ಬೀಗದೊಳಗೆ ಇದೆ ಅನ್ನುತ್ತಾರೆ.
ಸೇತುವೆಯ ಮೇಲಿನ ಹುಡುಗ ಎರಡನ್ನೂ ಕೇಳಿಸಿಕೊಂಡು
ಗದ್ದದಿಂದ ಹಿಂದಕ್ಕೆ ತೋರಿಸುತ್ತಾನೆ.

ಜುಂಬೆರ್ ರೊಸ್ತೋವಿಗೆ ಹೋಗಿ ಇಪ್ಪತ್ತೇಳು ವರ್ಷ.
ಅಲ್ಲಿ ಅವನಿಗೊಬ್ಬಳು, ಇಬ್ಬರು ಗಂಡುಮಕ್ಕಳು, ಟೈರಿನ ಅಂಗಡಿ.
ಅಲ್ಲಿಯ ಯಾವ ಪುಸ್ತಕದಲ್ಲೂ ನಾನಿಲ್ಲ.
ಮನೆ ಪಾಲು ಮಾಡಲು ಸಾಕಾಗುವಷ್ಟು ಮದುವೆ,
ಮುರಿಯಲು ಸಾಲದಷ್ಟು ಮದುವೆ.
ಯಾವ ಅಂಗಡಿಯ ತಕ್ಕಡಿ ಇದು?
ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು
ಒಮ್ಮೆ ಮನೆ ಕೊಂಡು, ಮದುವೆ ಬಿಟ್ಟು ನೋಡಲಿ.

ಸಾಕ್ಷಿ ಇಬ್ಬರಾದರೂ ಬೇಕು ಎಂದಿತು ನ್ಯಾಯಾಲಯ.
ಮದುವೆಗೆ ಇನ್ನೂರು ಜನ ಬಂದಿದ್ದರು.
ಬದುಕಿರುವವರನ್ನು ರಾತ್ರಿಯೆಲ್ಲ ಎಣಿಸಿದೆ.
ಕೊಂಬಿನಲ್ಲಿ ದ್ರಾಕ್ಷಾರಸ ಎತ್ತಿ ಎತ್ತಿ ಹರಸಿದ ಸೋದರಮಾವ ಇಲ್ಲ,
ಫೋಟೊ ತೆಗೆದವನು ಫಿಲ್ಮಿನ ಸಮೇತ ಇಲ್ಲ.
ತ್ಸಿಯಾಲಾ ಸಿಕ್ಕಳು,
ಟ್ರಾಬ್ಝೋನಿನ ಹೋಟೆಲಿನಲ್ಲಿ ಹಾಸಿಗೆ ಬದಲಿಸುತ್ತಾ.
ಅವಳಿಗೆ ನೆನಪಿರುವುದು ಒಂದೇ:
ಕೇಕಿಗೆ ಇರುವೆ ಮುತ್ತಿತ್ತು, ನೀನು ಅತ್ತಿದ್ದೆ.
ಬರೆದು ಸಹಿ ಹಾಕು ಎಂದೆ.
ಇರುವೆಯದ್ದೂ ಬರೆಯಲಾ?
ಬರೆ.

ಇನ್ನೊಬ್ಬರು ಸಿಗಲಿಲ್ಲ. ಕೊನೆಗೆ ಜುಂಬೆರನನ್ನೇ ಕರೆಸಿದರು.
ವಿಚಾರಣೆಯ ದಿನ ಪರದೆಯಲ್ಲಿ ಮೂರು ಕಿಟಕಿ, ಮೂರು ದೇಶ.
ಅವನ ಹಿಂದೆ ಟೈರುಗಳ ಗೋಡೆ.
ತಲೆ ಬೋಳಾಗಿದೆ. ಕಿವಿ ಮಾತ್ರ ಅವೇ.
ನ್ಯಾಯಾಧೀಶೆ ಕೇಳಿದಳು:
ಈಕೆ ನಿಮಗೆ ಏನಾಗಬೇಕು?

ಅಷ್ಟರಲ್ಲಿ ಒಳಕೋಣೆಯಿಂದ ಕಿರಿಯಾ ಎವಾಂಥಿಯಾ
ನೀರು, ನೀರು ಎಂದು ಕೂಗಿದಳು.
ಕೂಗಿದರೆ ಹೋಗಬೇಕು, ಅದಕ್ಕೇ ಸಂಬಳ.
ಅವಳ ತಲೆಯನ್ನು ತೋಳಿಗಾನಿಸಿಕೊಂಡು ಲೋಟ ಹಿಡಿದೆ.
ತೆರೆದ ಬಾಗಿಲಿಂದ ಅವನ ದನಿ ಬಂತು:
ಹೆಂಡತಿ.
ಆಮೇಲೆ ಕೆಮ್ಮು.
ಆಮೇಲೆ: ಹೆಂಡತಿಯಾಗಿದ್ದಳು.

ಯಾವುದನ್ನು ಬರೆದುಕೊಳ್ಳಲಿ, ಎಂದಳು ಗುಮಾಸ್ತೆ.

ಎರಡನ್ನೂ, ಎಂದು ಇಲ್ಲಿಂದಲೇ ಕೂಗಿದೆ.
ಕೈ ಅಲುಗಿತು.
ಕೊರಳೆಲ್ಲ ಒದ್ದೆ ಮಾಡಿದೆಯಲ್ಲೇ ಎಂದು
ಗ್ರೀಕಿನಲ್ಲಿ ಗೊಣಗಿದಳು ಮುದುಕಿ.