ಬಾಯಿ ಬಿಡಬೇಡ

ಮಂಚದ ಕಾಲ್ದೆಸೆ ಮೇಲೆ, ತಲೆ ಕೆಳಗೆ.
ಕೊರುನ್ಯಾದ ಆಸ್ಪತ್ರೆ, ಇಪ್ಪತ್ತನೆಯ ದಿನ.
ಛಾವಣಿಯಲ್ಲಿ ನಲವತ್ತೆರಡು ಚೌಕ,
ಒಂದರ ಮೂಲೆಗೆ ನೀರಿನ ಕಲೆ.
ಒಮ್ಮೊಮ್ಮೆ ಅದು ಸೀಗಡಿ,
ಒಮ್ಮೊಮ್ಮೆ ಯಾರದೋ ಕಿವಿ.

ಇಪ್ಪತ್ತೊಂದು ವಾರ ತುಂಬಿದ ದಿನ
ಡಾಕ್ಟರ್ ಲೌರೇದಾ ಪರದೆ ನೋಡುತ್ತ ಸುಮ್ಮನಾದಳು.
ಆಮೇಲೆ ಎರಡು ಬೆರಳು ಅಗಲಿಸಿ ತೋರಿಸಿದಳು:
ಇಷ್ಟು ತೆರೆದಿದೆ.
ಕೋಟಿನ ಗುಂಡಿಯೊಂದು ತೂರುವಷ್ಟು.
ನೋವಿಲ್ಲ, ಕೆಂಪಿಲ್ಲ. ಅವತ್ತು ಬೆಳಿಗ್ಗೆ ನಾನು
ಬಂದರಿನ ಕಟ್ಟೆಯ ಮೇಲೆ ಕೂತು
ಹರಿದ ಬಲೆಗೆ ಕಣ್ಣು ಹೆಣೆಯುತ್ತಿದ್ದೆ,
ಗರ್ಭದ ಬಾಯಿ ಮಾತ್ರ
ನನಗೊಂದು ಮಾತೂ ಹೇಳದೆ ಬಿಚ್ಚಿಕೊಳ್ಳುತ್ತಿತ್ತು.

ಕಡತದಲ್ಲಿ ಬರೆದರು: ಅಸಮರ್ಥ.
ತಲೆಕೆಳಗಾಗಿಯೇ ಓದಿದೆ.
ಹದಿನೆಂಟು ವರ್ಷ ಮಲ್ಪಿಕಾದ ದೋಣಿಗಳಿಗೆ ದುಡಿದ ಕೈ,
ಬಂಡೆ ಸೀಳಿದ್ದನ್ನು, ಡಾಲ್ಫಿನ್ ಕಚ್ಚಿ ಎಳೆದದ್ದನ್ನು
ಗುರುತು ಸಿಗದ ಹಾಗೆ ಕೂಡಿಸಿದ ಕೈ.
ನನ್ನೊಳಗಿನ ಒಂದೇ ಒಂದು ಕಣ್ಣು ಸಡಿಲ.

ಹೊಲಿದರು. ಸೊಂಟದ ಕೆಳಗೆಲ್ಲ ಮರಗಟ್ಟಿತ್ತು.
ಹಸಿರು ಬಟ್ಟೆಯ ಈಚೆಯಿಂದ ಕೇಳಿದೆ:
ಯಾವ ದಾರ? ಎಂಥ ಗಂಟು?
ಲೌರೇದಾ ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.
ನೆಂದರೆ ಜಾರುವ ಗಂಟುಗಳಿವೆ,
ನೆಂದಷ್ಟೂ ಬಿಗಿಯುವ ಗಂಟುಗಳಿವೆ.
ಅದು ತಿಳಿಯದವರ ಬಲೆಯಲ್ಲಿ
ಏನೂ ನಿಲ್ಲುವುದಿಲ್ಲ.

ಹೋದ ಸಲ ನಿಲ್ಲಲಿಲ್ಲ.
ಹತ್ತೊಂಬತ್ತನೆಯ ವಾರ, ಬಚ್ಚಲಲ್ಲಿ.
ಅಂಗೈಗಿಂತ ತುಸು ದೊಡ್ಡದು. ಉಗುರಿದ್ದವು.

ಅತ್ತೆ ಓಬ್ದುಲಿಯಾ ದಿನ ಬಿಟ್ಟು ದಿನ ಬಸ್ಸು ಹತ್ತಿ ಬರುತ್ತಾಳೆ.
ಡಬ್ಬಿಯಲ್ಲಿ ಟರ್ನಿಪ್ ಸೊಪ್ಪಿನ ಸಾರು,
ನನಗೆ ಕಾಣದ ಹಾಗೆ ದಿಂಬಿನಡಿಗೆ ಒಂದು ಬೆಳ್ಳುಳ್ಳಿ.
ಕೆಮ್ಮಬೇಡ, ತಿಣುಕಬೇಡ, ಜೋರಾಗಿ ನಗಬೇಡ ಎನ್ನುತ್ತಾಳೆ.
ಆಮೇಲೆ ತಾನೇ ಪಾದ್ರಿಯ ಕತ್ತೆಯ ಕತೆ ಹೇಳಿ ನಗಿಸುತ್ತಾಳೆ,
ನಗಿಸಿದ್ದಕ್ಕೆ ಅಳುತ್ತಾಳೆ.

ಫಿಸ್ ಐರ್ಲೆಂಡಿನಾಚೆ, ಹೇಕ್ ಮೀನಿನ ಬೆನ್ನು ಹತ್ತಿ.
ಫೋನಿನಲ್ಲಿ ಮಾತು ಚೂರು ಚೂರು:
ಹೇಗ್... ಇನ್ನೂ...?
ಇನ್ನೂ, ಎನ್ನುತ್ತೇನೆ.
ನಮ್ಮ ಸಂಸಾರವೆಲ್ಲ ಸದ್ಯಕ್ಕೆ
ಆ ಒಂದು ಪದದ ಮೇಲೆ ನಡೆಯುತ್ತಿದೆ.

ಪಕ್ಕದ ಮಂಚದ ಐಯೋನೆಲಾ ಮೊನ್ನೆ ರಾತ್ರಿ ಹೋದಳು.
ಗಾಲಿಗಳ ಸದ್ದು, ಆಮೇಲೆ ಹೊಸ ಚಾದರ.
ನಾನು ಕೇಳಲಿಲ್ಲ, ನರ್ಸು ಹೇಳಲಿಲ್ಲ.
ಸ್ಟೂಲಿನ ಮೇಲೆ ಅರ್ಧ ಸುಲಿದ ಕಿತ್ತಳೆ
ಬೆಳಗಿನವರೆಗೂ ಘಮಘಮಿಸಿತು.

ದೀಪ ಆರಿದ ಮೇಲೆ ಒಳಗಿನ ಬಾಯಿಗೆ ಹೇಳುತ್ತೇನೆ:
ಬಾಯಿ ಬಿಡಬೇಡ.
ಹೊಗೆಸೊಪ್ಪು ಕದ್ದು ಇಳಿಸುತ್ತಿದ್ದ ಕಾಲದಲ್ಲಿ
ಪೊಲೀಸರು ನನ್ನಜ್ಜಿಯನ್ನು ಮೂರು ರಾತ್ರಿ ಕೂರಿಸಿ ಕೇಳಿದರಂತೆ:
ಯಾವ ದೋಣಿ, ಯಾರ ಮನೆ, ಎಷ್ಟು ಪೆಟ್ಟಿಗೆ?
ತುಟಿಗೆ ದಾರ ಹಾಕಿದ ಹಾಗೆ ಕೂತಿದ್ದಳಂತೆ,
ಬೆಳಗಾದ ಮೇಲೆ ಕಾಫಿ ಮಾತ್ರ ಕೇಳಿದಳಂತೆ.
ನೀನು ಅವಳ ಮೊಮ್ಮಗಳ ಬಾಯಿ.
ಈ ಗುಟ್ಟು ಇನ್ನೂ ಹೊರಗೆ ಹೇಳುವಂಥದ್ದಲ್ಲ.
ಅದರ ರೆಪ್ಪೆ ಇನ್ನೂ ಅಂಟಿದೆ,
ಅದಕ್ಕಿನ್ನೂ ಉಸಿರಾಡಲು ಬರುವುದಿಲ್ಲ.

ನಾಳೆಗೆ ಇಪ್ಪತ್ನಾಲ್ಕು.
ಆಮೇಲಾದರೆ ಮೇಲಿನ ಮಹಡಿಯವರು ಕೈ ಹಾಕಿ ನೋಡುತ್ತಾರಂತೆ.
ನೋಡುತ್ತಾರೆ, ಅಷ್ಟೇ. ಅದಕ್ಕಿಂತ ಹೆಚ್ಚು ಯಾರೂ ಹೇಳಿಲ್ಲ.

ಓಬ್ದುಲಿಯಾ ಬಲೆಯ ತುಂಡೊಂದನ್ನೂ ಮರದ ಸೂಜಿಯನ್ನೂ ತಂದಿದ್ದಾಳೆ.
ಹೊಟ್ಟೆಯ ಮೇಲೆ ಹರಡಿಕೊಂಡು, ಮಲಗಿಯೇ ಹೆಣೆಯುತ್ತೇನೆ.
ನಿನ್ನೆ ಒಂದು ಕಣ್ಣು. ಇವತ್ತು ಒಂದು.
ಗಂಟು ಬಿಗಿಯುವ ಹೊತ್ತಿಗೆ ಸರಿಯಾಗಿ
ಒಳಗಿನಿಂದ ಒಂದು ಒದೆತ,
ದಾರ ಕೈಜಾರಿತು.
ಚಾದರದ ಮೇಲೆ ತಡವುತ್ತಿದ್ದೇನೆ,
ಅದರ ತುದಿ ಎಲ್ಲಿ ಹೋಯಿತೋ.