ಭಾರ ಎತ್ತುವ ಕ್ರಮ

ಗಾಂಧಿಬಜಾರಿನ ಹಿಂದೆ ಮೆಟ್ಟಿಲಿಲ್ಲದ ಕೋಣೆ.
‘ಬೆನ್ನು ಹಿಡಿದವರು ಹತ್ತೋದು ಹೇಗೆ?’ ಅಂತ
ಬಾಡಿಗೆ ಜಾಸ್ತಿಯಾದರೂ ಕೆಳಗೇ ಉಳಿದವರು
ಹುಚ್ಚರಾಯಪ್ಪ.

ಮುಟ್ಟುವ ಮೊದಲು ಕೇಳುತ್ತಿದ್ದರು:
ದಿನಕ್ಕೆ ಎಷ್ಟು ಮೂಟೆ? ಯಾವ ಹೆಗಲು?
ಆಮೇಲೆ ಹೆಬ್ಬೆರಳು. ಒಂದೇ ನೆಟಿಕೆ.
ದುಡ್ಡು ಡಬ್ಬಿಗೆ; ಎಣಿಸಿದ್ದು ಕಂಡವರಿಲ್ಲ.

ಸಂಘದ ಸಭೆಯಲ್ಲಿ ಮಾತ್ರ ಗದರುತ್ತಿದ್ದರು:
‘ಎಕ್ಸ್‌ರೇ ನೋಡದೆ ಕತ್ತು ತಿರುಗಿಸೋರು
ನನ್ನ ಹೆಸರು ಹೇಳಬೇಡಿ.
ಗೊತ್ತಿಲ್ಲ ಅನ್ನೋದೂ ಕಸುಬೇ.’
ಹದಿನೇಳು ವರ್ಷ ಅಧ್ಯಕ್ಷರು;
ಕೂತದ್ದು ಬಾಗಿಲ ಬಳಿಯ ಸ್ಟೂಲಿನಲ್ಲಿ,
ನೆಟ್ಟಗೆ.

ಇವತ್ತು ಮಂಡಿಯ ಹಮಾಲರು ಬಂದರು.
ಚಟ್ಟಕ್ಕೆ ನಾಲ್ವರು.
‘ಎತ್ರಪ್ಪಾ’ ಅಂದರು ಯಾರೋ.
ಒಬ್ಬನೂ ಸೊಂಟ ಬಗ್ಗಿಸಲಿಲ್ಲ.
ಮೊಣಕಾಲು ಮಡಿಸಿ, ಉಸಿರು ಬಿಡುತ್ತ,
ಅವರು ಬೈದು ಕಲಿಸಿದ ಹಾಗೆಯೇ
ಅವರನ್ನೆತ್ತಿದರು.