ಪುಟ ನಾನೂರ ಹದಿನೇಳು

ಶನಿವಾರ ಸಂಜೆ, ಮಾಟುಂಗದ ಸಭಾಂಗಣ.
ಮೇಜಿನ ಮೇಲೆ ಜಲಜಾಕ್ಷ ಕುಕ್ಯಾನನ ಕಾದಂಬರಿ,
ಎಂಟುನೂರ ಹನ್ನೆರಡು ಪುಟ,
ಮೈಕಿನ ವಾಲುವ ಕಾಲಿಗೆ ಸದ್ಯ ಅದೇ ಆಸರೆ.

ಹೇಮಲತಾ ಬಿಜೂರ್ ಎದ್ದರು:
"ಒಂಬತ್ತು ಪುಟದ ಒಂದೇ ವಾಕ್ಯ ಯುರೋಪಿನದು.
ಅಡಿಟಿಪ್ಪಣಿಯಲ್ಲಿ ಕತೆ ಹೇಳುವುದು ಇನ್ಯಾರದೋ.
ಸತ್ತ ಅಜ್ಜಿ ಎದ್ದು ಮಾತಾಡುವುದು ಈಗ ಎಲ್ಲರದೂ.
ಇದರಲ್ಲಿ ನಿಮ್ಮದು ಯಾವುದು, ಕುಕ್ಯಾನರೇ?"

ಅವನು ಕನ್ನಡಕ ಒರೆಸಿದ.
"ಕಾಗುಣಿತದ ತಪ್ಪುಗಳು" ಎಂದ.
ಸಭೆ ನಕ್ಕಿತು.
ನಾನು ನಗಲಿಲ್ಲ. ಅವನ್ನೂ ತೆಗೆದುಹಾಕಿದವನು ನಾನು,
ಪುಟಕ್ಕೆ ಹನ್ನೆರಡು ರೂಪಾಯಿಯಂತೆ,
ಡೊಂಬಿವಲಿಯಿಂದ ಬೋರಿಬಂದರಿನವರೆಗೆ.
ಕೂರಲು ಸಿಕ್ಕ ದಿನ ಹತ್ತು ಪುಟ.
ನಿಂತ ದಿನ ಕರಡು ಚೀಲದಲ್ಲೇ ಬೆವರುತ್ತಿತ್ತು.

ಘಾಟ್ಕೋಪರ್ ದಾಟುವಾಗ, ಪುಟ ನಾನೂರ ಹದಿನೇಳು.
ಆಸ್ಪತ್ರೆಯ ಕಿಟಕಿ ಪಕ್ಕದ ಮಂಚ. ಮಗ ಅನ್ನುತ್ತಾನೆ:
"ಈ ಊರಲ್ಲಿ ಕಿಟಕಿ ಸಿಕ್ಕವನ ಸ್ಟೇಷನ್ನು
ಬೇಗ ಬರುತ್ತದೆ, ಅಲ್ವಾ ಅಪ್ಪ?"

ಪೆನ್ನು ನಿಂತಿತು.
ಅದು ನನ್ನ ಮಾತು!
ವಿಕ್ರೋಲಿಯ ಪ್ಲಾಟ್‌ಫಾರ್ಮಿನಲ್ಲಿ, ಇವನ ಅಪ್ಪ ತೀರಿಕೊಂಡ ವಾರ,
ಬೇರೇನೂ ತೋಚದೆ ಅಂದದ್ದು.
ನಡುವೆ ಅರ್ಧ ಪ್ಲೇಟು ಭಜಿ ಆರುತ್ತಿತ್ತು.
ಅವನು ಅಳಲಿಲ್ಲ ಅಂದು.
ಒಳಗೊಳಗೇ ಬರೆದುಕೊಳ್ಳುತ್ತಿದ್ದ, ಕಳ್ಳ.

ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನೆ ಹಾಕಿದೆ.
ದಾದರ್ ಬರುವಷ್ಟರಲ್ಲಿ ಹೊಡೆದುಹಾಕಿದೆ.
ಐತಪ್ಪ ಮಾವ ನೆನಪಾದ.
ಕೋಟೆಯ ಹೋಟೆಲಿನಲ್ಲಿ ಹಗಲು ಟೇಬಲ್ ಒರೆಸಿ
ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದವ.
ಆ ಮಾತು ಮೊದಲು ಕೇಳಿದ್ದು ಅವನ ಬಾಯಲ್ಲಿ.
ಅವನಿಗೋ, ಬಾಚಣಿಗೆ ಮಾರುವ ಕುರುಡನೊಬ್ಬನಿಂದ ಬಂದದ್ದು,
ಯಾವ ಕಿಟಕಿಯಿಂದಲೂ ಏನೂ ಕಂಡಿರದವನಿಂದ.
ಮರಾಠಿಯಲ್ಲಿ ಅದಕ್ಕೊಂದು ಪ್ರಾಸ ಇತ್ತಂತೆ.
ಕನ್ನಡಕ್ಕೆ ಹತ್ತುವ ನೂಕುನುಗ್ಗಲಲ್ಲಿ
ಚಪ್ಪಲಿಯ ಹಾಗೆ ಹಳಿಯ ಮೇಲೆ ಬಿದ್ದುಹೋಯಿತು.

ಸಭೆಯಲ್ಲಿ ಬಿಸಿ ಏರಿತ್ತು. ಎರವಲು, ಅನುಕರಣೆ, ಋಣ.
ಹಿಂದಿನ ಸಾಲಿನ ನಿವೃತ್ತ ಬ್ಯಾಂಕಿನವರು ಎದ್ದು,
"ಪುಸ್ತಕ ಇಷ್ಟು ಉದ್ದವಾದರೆ ಎಲ್ಲರೂ ಹತ್ತುತ್ತಾರಪ್ಪ,
ಟಿಕೇಟು ಕೇಳುತ್ತಾ ಕೂತರೆ ವಿರಾರ್ ಗಾಡಿ ಬಿಡುವುದು ಯಾವಾಗ?"
ಬಿಜೂರರಿಗೆ ಇದು ಉತ್ತರ ಅನ್ನಿಸಲಿಲ್ಲ.
ನಿಜ ಹೇಳಬೇಕೆಂದರೆ ನನಗೂ.

ನನಗೆ ಗೊತ್ತಿದ್ದದ್ದು ಇಷ್ಟೇ:
ಬಾಚಣಿಗೆಯವ ಕೇಳಿರಲಿಲ್ಲ, ಮಾವ ಕೇಳಿರಲಿಲ್ಲ,
ನಾನಂತೂ ತಿಳಿದವನಂತೆ ಹೇಳಿ ಭಜಿ ತಿಂದಿದ್ದೆ.
"ಅಲ್ವಾ ಅಪ್ಪ" ಎಂದು ಕೇಳಿದವನು ಅವನೊಬ್ಬನೇ.
ಆ ಎರಡು ಪದ, ಆ ಪ್ರಶ್ನೆಚಿಹ್ನೆ.
ಕೈ ಎತ್ತಬಹುದಿತ್ತು.
ಮೈಕು ಆಗಲೇ ವಂದನಾರ್ಪಣೆಯವರ ಕೈ ಸೇರಿತ್ತು.

ಹತ್ತೂ ಮೂವತ್ತೆಂಟರ ಸ್ಲೋ.
ಕಿಟಕಿ ಖಾಲಿ ಇತ್ತು. ಕೂತೆ.
ಠಾಣೆ ಬಂದರೂ
ಬಾಚಣಿಗೆ ಮಾರಲು ಯಾರೂ ಬರಲಿಲ್ಲ.